ಫಿಂಟನ್‌ನ ಮಂಚ ಯಾವ ಸೀಮೆಯಲ್ಲಿದೆ?

ಹಳ್ಳದ ಮನೆ, ಡ್ರಮ್‌ಕೀಲ್
7 ಮೇ 1962

ಪ್ರೀತಿಯ ಮೈಲ್ಸ್,

ಕುಳಿತುಕೊಂಡು ಓದು. ದೀಪದ ಗಾಜು ಒರೆಸುತ್ತ ಓದಬೇಡ, ಕೈ ಜಾರೀತು. ನಿನ್ನ ಮಗ ಫಿಂಟನ್ ನಿನ್ನೆ ಡ್ರಮ್‌ಕೀಲ್‌ನ ದೊಡ್ಡವರ ತಂಡದಲ್ಲಿ ಹರ್ಲಿಂಗ್ ಕೋಲು ಹಿಡಿದು ಆಡಿದ! ಮೀಸೆ ಸರಿಯಾಗಿ ಮೂಡದ ಹುಡುಗ, ಮದುವೆಯಾಗಿ ಮಕ್ಕಳಿರುವ ಗಂಡಸರ ನಡುವೆ!

ಶನಿವಾರ ಸಂಜೆ ಡಿನ್ನಿ ರೋಚ್ ಬಂದು ಬಾಗಿಲಲ್ಲಿ ಟೋಪಿ ತಿರುಗಿಸುತ್ತ ನಿಂತ. ತಂಡವನ್ನು ಪಳಗಿಸುವವನು ಈಗ ಅವನೇ. ನನ್ನ ತರಗತಿಯಲ್ಲಿ ಭಾಗಾಕಾರ ಬಾರದೆ ಅಳುತ್ತಿದ್ದನಲ್ಲ, ಅದೇ ಡಿನ್ನಿ.

"ಟೀಚರ್, ಹುಡುಗನ್ನ ನಾಳೆ ಒಂದಿನ ಕೊಡ್ತೀರಾ?"

"ನಾನೇನು ಕುದುರೆ ಬಾಡಿಗೆಗೆ ಕೊಡೋಳೇನೋ?"

"ಕುದುರೆಗಿಂತ ಚೆನ್ನಾಗಿ ಓಡ್ತಾನೆ ಟೀಚರ್. ಮುಂದೆ ನಿಂತು ಗೋಲ್ ಹೊಡೆಯೋ ನಮ್ಮ ಮುಂದಾಳುಗಳಲ್ಲಿ ಒಬ್ಬನಿಗೆ ಮಂಡಿ ಹೋಗಿದೆ, ಇನ್ನೊಬ್ಬನಿಗೆ ಮದುವೆ."

ಇವನನ್ನು ತಡೆಯಲು ನಿಂತ ಎದುರಾಳಿ ಹಿಂದಾಳು ಗೋದಾಮಿನ ಬಾಗಿಲಿನಷ್ಟು ಅಗಲ. ಆಟ ಶುರುವಾಗುವ ಮೊದಲೇ ಫಿಂಟನ್‌ನ ಭುಜ ತಟ್ಟಿ, "ಏ ಮರಿ, ನಿಮ್ಮತ್ತೆ ಊಟಕ್ಕೆ ಕರೀತಿದಾರೆ, ಮನೆಗೆ ಹೋಗು" ಅಂದನಂತೆ. ಇವನು, "ಹೋಗ್ತೀನಣ್ಣ, ಇದೊಂದು ಚೆಂಡು ಒಳಗೆ ಹಾಕಿ ಬರ್ತೀನಿ" ಅಂದನಂತೆ. ಹಾಕಿಯೇಬಿಟ್ಟ, ಮೈಲ್ಸ್! ನೆಲದ ಮೇಲಿದ್ದ ಚೆಂಡನ್ನು ಕೋಲಿನ ತುದಿಯಿಂದ ಎತ್ತಿ, ಕೈಗೂ ತೆಗೆದುಕೊಳ್ಳದೆ, ಗಾಳಿಯಲ್ಲೇ ಬೀಸಿ ಹೊಡೆದ. ಬಲೆ ಅಲುಗಾಡಿದಾಗಲೇ ಗೋಲ್‌ಕೀಪರನಿಗೆ ಗೊತ್ತಾದದ್ದು. ನನ್ನ ಪಕ್ಕದಲ್ಲಿದ್ದ ಫಾದರ್ ಮೋಲ್ ಕುರ್ಚಿಯ ಮೇಲೆ ಹತ್ತಿ ನಿಂತರು. ಅವತ್ತೇ ಬೆಳಗ್ಗೆ ಸಹನೆಯ ಬಗ್ಗೆ ಉಪದೇಶ ಮಾಡಿದ್ದು ಅವರೇ.

ಗೆದ್ದೆವು. ಹುಡುಗನ ಬೆರಳಿನ ಗೆಣ್ಣು ಊದಿದೆ, ಹಲ್ಲೆಲ್ಲ ಇದ್ದಾವೆ. ನಿನಗೆ ಹೇಳು ಅಂದ. ಏನು ಹೇಳಲಿ ಅಂತ ಕೇಳಿದರೆ, "ಸುಮ್ನೆ ಹೇಳಿ ಅತ್ತೆ" ಅಂದ.

ನಿನ್ನ ಅಕ್ಕ,
ಒನೋರಾ


ಕರಿಗ್ ಬಂಡೆ ದೀಪಸ್ತಂಭ
10 ಜೂನ್ 1962

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂತು. ಸಾಮಾನಿನ ದೋಣಿ ಎರಡು ಸಲ ಹತ್ತಿರ ಬಂದು ಅಲೆ ನೋಡಿ ಹಿಂದೆ ಹೋಯಿತು. ಮೂರನೆಯ ಸಲ ಚೀಲ ಹಗ್ಗದಲ್ಲಿ ಮೇಲೆ ಬಂತು.

ಫಿಂಟನ್ ಚೆನ್ನಾಗಿ ಆಡಿದ್ದು ಸಂತೋಷ. ಎಡಗಡೆಯಿಂದಲೂ ಹೊಡೆಯುತ್ತಾನೆಯೇ? ಬಲಗಡೆ ಮಾತ್ರವಾದರೆ ಎರಡನೆಯ ಪಂದ್ಯಕ್ಕೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ತಲೆ ಜೋಪಾನ ಅಂತ ಹೇಳು.

ಇಲ್ಲಿ ನನ್ನ ಜೊತೆಗಿರುವ ಟ್ವೋಮಿ ಕಾರ್ಕ್‌ನವನು. ಪತ್ರವನ್ನು ಅವನಿಗೂ ಓದಿದೆ. "ನಿಮ್ಮ ಕಡೆ ಗೋಲ್‌ಕೀಪರ್‌ಗಳು ಕಣ್ಣು ಮುಚ್ಕೊಂಡು ನಿಲ್ತಾರೆ ಬಿಡಪ್ಪ, ನಮ್ಮ ಕಾರ್ಕ್‌ನಲ್ಲಾಗಿದ್ರೆ ಗೊತ್ತಾಗೋದು" ಅಂದ. ಆಮೇಲೆ ಆ ಗೋಲಿನ ಭಾಗವನ್ನು ಇನ್ನೊಂದು ಸಲ ಓದು ಅಂದ. ಓದಿದೆ.

ನಾನು ದಡಕ್ಕೆ ಬಂದಾಗ ಪಂದ್ಯವಿರುವುದಿಲ್ಲ. ಪಂದ್ಯವಿದ್ದಾಗ ನಾನು ಬಂಡೆಯ ಮೇಲಿರುತ್ತೇನೆ. ಚಿಕ್ಕ ಹುಡುಗರ ತಂಡದಲ್ಲಿ ಆಡುವಾಗಲೂ ಹಾಗೇ ಆಯಿತು. ಈ ವರ್ಷವೂ ಲೆಕ್ಕ ಹಾಕಿ ನೋಡಿದೆ, ಹಾಗೇ ಇದೆ.

ನೀನು ರಾತ್ರಿ ತುಂಬ ಹೊತ್ತು ಓದುತ್ತೀಯ. ಕಣ್ಣು ಹಾಳಾಗುತ್ತದೆ.

ಮೈಲ್ಸ್


ಹಳ್ಳದ ಮನೆ, ಡ್ರಮ್‌ಕೀಲ್
29 ಆಗಸ್ಟ್ 1962

ಪ್ರೀತಿಯ ಮೈಲ್ಸ್,

ನನ್ನ ಕಣ್ಣಿಗೇನೂ ಆಗಿಲ್ಲ. ಒಂಬತ್ತಕ್ಕೆ ಮಲಗುವವಳಿಗೆ ಬುದ್ಧಿ ಹೇಳುತ್ತೀಯಲ್ಲ! ಅದು ಹಾಗಿರಲಿ. ಭಾನುವಾರ ನಡೆದದ್ದನ್ನು ಕೇಳು.

ಕೌಂಟಿ ಫೈನಲ್, ಇಡೀ ಜಿಲ್ಲೆ ನೆರೆದಿತ್ತು. ನಾವು ಮತ್ತು ರಾಥ್‌ಮೋನ. ಸಮ! ಅರವತ್ತು ನಿಮಿಷ ಒಬ್ಬರನ್ನೊಬ್ಬರು ಜಜ್ಜಿ ಕೊನೆಗೆ ಎರಡೂ ಕಡೆ ಒಂದೇ ಲೆಕ್ಕ! ಫಿಂಟನ್ ಒಂದು ಗೋಲ್, ನಾಲ್ಕು ಪಾಯಿಂಟ್ ಹೊಡೆದ. ಅದರಲ್ಲಿ ಎರಡು ಎಡಗಡೆಯಿಂದ, ನಿನಗೆ ಸಮಾಧಾನವಾಗಲಿ. ಕೌಂಟಿ ತಂಡ ಆರಿಸುವ ಇಬ್ಬರು ಉದ್ದ ಕೋಟು ಹಾಕಿಕೊಂಡು ಬಂದಿದ್ದರು. ಪ್ರತಿ ಸಲ ಅವನಿಗೆ ಚೆಂಡು ಸಿಕ್ಕಾಗಲೂ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ನಾನೇ ಕಂಡೆ. ಆಟ ಬಿಟ್ಟು ಅವರನ್ನು ಯಾಕೆ ನೋಡುತ್ತಿದ್ದೆ ಅಂತ ಕೇಳಬೇಡ. ಮರುಪಂದ್ಯದಲ್ಲೂ ಹೀಗೇ ಆಡಿದರೆ ಅವನಿಗೆ ಕೌಂಟಿಯ ಅಂಗಿ ಖಂಡಿತ ಅಂತ ಡಿನ್ನಿ ಹೇಳುತ್ತಾನೆ.

ಈಗ ನನ್ನ ರಕ್ತ ಕುದಿಯುವ ಮಾತು. ಮಂಗಳವಾರ ರಾಥ್‌ಮೋನದವರು ತಕರಾರು ಹಾಕಿದ್ದಾರೆ. ಮೈದಾನದಲ್ಲಿ ತಡೆಯಲಾಗದ ಹುಡುಗನನ್ನು ಮೇಜಿನ ಮೇಲೆ ತಡೆಯುವ ಹೊಂಚು! ಆಟಗಾರ ಯಾವ ಚರ್ಚಿನ ಸೀಮೆಯಲ್ಲಿ ವಾಸಿಸುತ್ತಾನೋ ಆ ಸೀಮೆಗೇ ಆಡಬೇಕು ಅಂತ ನಿಯಮವಿದೆಯಲ್ಲ. ಎರಡು ಸೀಮೆಗಳ ಗಡಿ ನಮ್ಮ ಮನೆಯ ಕೆಳಗಿನ ಹಳೇ ಹಳ್ಳ ಅಂತ ಈಗ ಅವರಿಗೆ ಜ್ಞಾನೋದಯವಾಗಿದೆ. ಅಜ್ಜ ಆ ಹಳ್ಳಕ್ಕೆ ಕಲ್ಲು ಹಾಸಿ ಅದರ ಮೇಲೆ ಮನೆ ಬೆಳೆಸುವಾಗ ಸುಮ್ಮನಿದ್ದವರು! ಅಪ್ಪನ ಶವವನ್ನು ಡ್ರಮ್‌ಕೀಲ್ ಸ್ಮಶಾನಕ್ಕೆ ಹೊತ್ತಾಗ ಸುಮ್ಮನಿದ್ದವರು!

ಇವರ ಚಾಳಿ ಇಂದಿನದಲ್ಲ. ಇಪ್ಪತ್ತೊಂಬತ್ತರಲ್ಲಿ ನಮ್ಮ ಗೋಲ್‌ಕೀಪರ್ ವಾರದಲ್ಲಿ ಮೂರ್ನಾಲ್ಕು ರಾತ್ರಿ ಸೋದರತ್ತೆಯ ಮನೆಯಲ್ಲಿ ಮಲಗುತ್ತಾನೆ ಅಂತ ತಕರಾರು ಹಾಕಿದರು. ಪಾಪ, ಹೆಂಡತಿಯ ಜೊತೆ ಜಗಳವಾಡಿದ್ದು ಅವನ ತಪ್ಪೇ? ನಲವತ್ತೊಂದರಲ್ಲಿ ರೆಫರಿಯ ಗಡಿಯಾರ ನಿಂತಿತ್ತು ಅಂದರು. ನಾನು ರೋಮಿನ ಚರಿತ್ರೆ ಎರಡು ಸಲ ಓದಿದ್ದೇನೆ. ರಾಥ್‌ಮೋನದವರ ಕುತಂತ್ರದ ಚರಿತ್ರೆ ಬರೆದರೆ ಅದಕ್ಕಿಂತ ದಪ್ಪವಾಗುತ್ತದೆ. ಬರೆಯುವ ಮನಸ್ಸೂ ಇದೆ.

ಕೌಂಟಿ ಕಮಿಟಿ ಮುಂದಿನ ತಿಂಗಳು ವಿಚಾರಣೆಗೆ ಕರೆದಿದೆ. ನಾನೇ ಹೋಗುತ್ತೇನೆ.

ಒನೋರಾ


ಹಳ್ಳದ ಮನೆ, ಡ್ರಮ್‌ಕೀಲ್
17 ಸೆಪ್ಟೆಂಬರ್ 1962

ಪ್ರೀತಿಯ ಮೈಲ್ಸ್,

ನಿನ್ನಿಂದ ಪತ್ರವಿಲ್ಲ. ಸಮುದ್ರ ಕೆಟ್ಟಿದೆ ಅಂತ ಬಂದರಿನವರು ಹೇಳಿದರು. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ತಲೆ ಒಡೆಯುತ್ತದೆ.

ಕಮಿಟಿಯವರು ಮನೆಗೇ ಬಂದರು. ಸೆಕ್ರೆಟರಿ ಗ್ಯಾಫ್ನಿ, ಕೈಯಲ್ಲಿ ಸೀಮೆಯ ನಕಾಶೆ. ಹಿಂದೆ ರಾಥ್‌ಮೋನದ ಅಧ್ಯಕ್ಷ ಕಾನ್ ಲಾಲರ್, ಭಾನುವಾರದ ಸೂಟು ಹಾಕಿಕೊಂಡು, ಹೆಣ ನೋಡಲು ಬಂದವನ ಮುಖ ಮಾಡಿಕೊಂಡು. ನಮ್ಮ ಕಡೆಯಿಂದ ಡಿನ್ನಿ. ಗ್ಯಾಫ್ನಿ ಮೊಣಕಾಲೂರಿ ನೆಲಕ್ಕೆ ಕಿವಿಯಿಟ್ಟು ಹಳ್ಳ ಎಲ್ಲಿ ಹರಿಯುತ್ತದೆ ಅಂತ ಕೇಳಿಸಿಕೊಂಡ. ಒಲೆಯ ಹಿಂದಿನ ಗೋಡೆಯೇ ಗಡಿ ಅಂತ ತೀರ್ಮಾನವಾಯಿತು. ಅಡುಗೆಮನೆ, ನನ್ನ ಕೋಣೆ, ಪಶ್ಚಿಮದ ಸಣ್ಣ ಕೋಣೆ ಡ್ರಮ್‌ಕೀಲ್‌ನಲ್ಲಿ. ಸಮುದ್ರದ ಕಡೆಯ ಪೂರ್ವದ ಕೋಣೆ ಮಾತ್ರ ರಾಥ್‌ಮೋನದಲ್ಲಿ.

"ಅವ್ನು ಉಣ್ಣೋದು ಡ್ರಮ್‌ಕೀಲ್‌ನಲ್ಲಿ, ಜಪ ಮಾಡೋದು ಡ್ರಮ್‌ಕೀಲ್‌ನಲ್ಲಿ, ನನ್ನ ಹತ್ರ ಬೈಸ್ಕೊಳ್ಳೋದೂ ಡ್ರಮ್‌ಕೀಲ್‌ನಲ್ಲಿ" ಅಂದೆ.

"ಅದ್ಯಾವ್ದೂ ಲೆಕ್ಕಕ್ಕಿಲ್ಲ ಮಿಸ್ ಕ್ಯಾಶಿನ್. ಮಲಗೋದು ಎಲ್ಲಿ ಅನ್ನೋದೊಂದೇ ನಿಯಮ. ಎಲ್ಲಿ ಮಲಗ್ತೀಯಪ್ಪಾ ನೀನು?" ಅಂತ ಗ್ಯಾಫ್ನಿ ಕೇಳಿದ.

ಫಿಂಟನ್ ನನ್ನ ಮುಖವನ್ನೂ ನೋಡಲಿಲ್ಲ, ಡಿನ್ನಿಯ ಮುಖವನ್ನೂ ನೋಡಲಿಲ್ಲ. "ಪೂರ್ವದ ಕೋಣೇಲಿ" ಅಂದ.

ನಿನಗೆ ಇದು ಗೊತ್ತಿರಲಾರದು. ನೀನು ರಜೆಯಲ್ಲಿ ಬಂದಾಗ ಆ ಕೋಣೆ ನಿನಗೆ ಬಿಟ್ಟು ಅವನು ಅಡುಗೆಮನೆಯ ಬೆಂಚಿನ ಮೇಲೆ ಮಲಗುತ್ತಾನೆ. ನೀನು ಕರಿಗ್ ಬಂಡೆಗೆ ಹೋದ ವರ್ಷದಿಂದ ಅಲ್ಲೇ ಮಲಗುತ್ತಿದ್ದಾನೆ. ಗಾಳಿ ಚೆನ್ನಾಗಿದೆ ಅಂದಿದ್ದ. ಗಾಳಿ! ಕಿಟಕಿಯ ಸಂದಿಯಲ್ಲಿ ಮಳೆ ಒಳಗೆ ಬರುತ್ತದೆ.

ಲಾಲರ್ ಕೈ ಉಜ್ಜಿಕೊಂಡ. ಆಮೇಲೆ ಗ್ಯಾಫ್ನಿ ತೀರ್ಪು ಓದಿದ: ಯಾರೂ ಬೇಕೆಂದು ಮೋಸ ಮಾಡಿಲ್ಲ, ಮರುಪಂದ್ಯ ನಡೆಯಲಿ; ಇವತ್ತಿನಿಂದ ಪಂದ್ಯದ ದಿನದವರೆಗೆ ಹುಡುಗನ ಮಂಚ ಯಾವ ಸೀಮೆಯಲ್ಲಿರುತ್ತದೋ ಆ ಸೀಮೆಗೆ ಅವನು ಆಡಬೇಕು. ಲಾಲರ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಅವನ ತಲೆಯೊಳಗೆ ಹೊಸ ದೀಪ ಹೊತ್ತಿಕೊಂಡದ್ದು ಹೊರಗೇ ಕಂಡಿತು.

"ಹಾಗಾದ್ರೆ ಹುಡುಗ ನಮ್ಮೋನೇ ಅಂತಾಯ್ತಲ್ಲ! ಫಿಂಟನ್, ಮಂಚ ಇದ್ದಲ್ಲೇ ಇರ್ಲಿ ಕಣೋ. ನಿಂಗೆ ನಮ್ಮಲ್ಲಿ ನಡುವಿನ ಜಾಗ."

"ನಾಚ್ಕೆ ಇಲ್ವೇನೋ ಕಾನ್?" ಅಂತ ಡಿನ್ನಿ ಕೂಗಿದ. "ಬೆಳಗ್ಗೆ ಕಳ್ಳ ಅಂದೆ, ಮಧ್ಯಾಹ್ನ ಮಗ ಅಂತೀಯ!"

ಮೈಲ್ಸ್, ನಾನು ಅಂದುಕೊಂಡಿದ್ದೆ, ಅವರು ಗೇಟು ದಾಟುವ ಮೊದಲೇ ಹುಡುಗ ಮಂಚ ಎತ್ತುತ್ತಾನೆ ಅಂತ. ಎತ್ತಲಿಲ್ಲ. ಕತ್ತಲಾಗುವವರೆಗೂ ಗೋಡೆಗೆ ಚೆಂಡು ಹೊಡೆಯುತ್ತ ನಿಂತ. ರಾಥ್‌ಮೋನದವರು ಆಸೆ ತೋರಿಸಿದರೇ? ಲಾಲರನಿಗೆ ಕೆಂಪು ಕೂದಲಿನ ಮಗಳೊಬ್ಬಳಿದ್ದಾಳೆ. ಕೇಳಿಯೇಬಿಟ್ಟೆ. "ಅವ್ಳಿಗೆ ಹರ್ಲಿಂಗ್ ಕಂಡ್ರೇ ಆಗಲ್ಲ ಅತ್ತೆ" ಅಂದ. ಅಷ್ಟು ವಿವರ ಇವನಿಗೆ ಹೇಗೆ ಗೊತ್ತು?

ಕೊನೆಗೆ ತಾನೊಬ್ಬನೇ ಮಂಚ ಬಿಚ್ಚಿ ಪಶ್ಚಿಮದ ಕೋಣೆಗೆ ತಂದು ಜೋಡಿಸಿದ. ರಾಥ್‌ಮೋನದವರು ಸೇತುವೆಯ ಮೇಲೆ ಒಬ್ಬನನ್ನು ಕಾವಲಿಗೆ ನಿಲ್ಲಿಸಿದ್ದಾರೆ; ಪೂರ್ವದ ಕಿಟಕಿಯಲ್ಲಿ ಮಿಣುಕು ಕಂಡರೂ ಇನ್ನೊಂದು ತಕರಾರು. ಅದಕ್ಕೇ ಪೂರ್ವದ ಕೋಣೆಗೆ ಬೀಗ ಹಾಕಿ ಬೀಗದಕೈ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಹುಡುಗ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಅಭ್ಯಾಸದಲ್ಲೂ ಚೆಂಡು ಎಲ್ಲೆಲ್ಲಿಗೋ ಹೋಗುತ್ತಿದೆಯಂತೆ. ಊರಿಗಾಗಿ ಒಂದು ಮಂಚ ಸರಿಸಲು ಇಷ್ಟು ಸಂಕಟವೇ? ನೀನಾದರೂ ಅವನಿಗೆ ನಾಲ್ಕು ಮಾತು ಬರೆ.

ಮರುಪಂದ್ಯ ಅಕ್ಟೋಬರ್ ಏಳಕ್ಕೆ.

ಒನೋರಾ


ಕರಿಗ್ ಬಂಡೆ ದೀಪಸ್ತಂಭ
21 ಸೆಪ್ಟೆಂಬರ್ 1962

ಪ್ರೀತಿಯ ಅಕ್ಕ,

ಸಮವಾದ ಫೈನಲ್‌ನ ಪತ್ರ ಸಿಕ್ಕಿತು. ಆಮೇಲೆ ದೋಣಿ ಬಂದಿಲ್ಲ. ಇದು ಯಾವಾಗ ನಿನಗೆ ತಲುಪುತ್ತದೋ.

ನಿನಗೆ ಮೈ ಸರಿಯಿಲ್ಲವೇ? ನೇರವಾಗಿ ಕೇಳುತ್ತಿದ್ದೇನೆ. ಇಲ್ಲಿ ಬಂದಾಗಿನಿಂದ, ಮಂಜಿಲ್ಲದ ರಾತ್ರಿ ನನ್ನ ಸರದಿ ಶುರುವಾದಾಗ ದುರ್ಬೀನಿನಲ್ಲಿ ನಮ್ಮ ಮನೆಯ ಕಡೆ ನೋಡುವುದು ರೂಢಿ. ಪೂರ್ವದ ಕಿಟಕಿಯಲ್ಲಿ ನಿನ್ನ ಓದುವ ದೀಪ ಇರುತ್ತದೆ. ಇದನ್ನು ಹೇಳಿರಲಿಲ್ಲ. ಹೇಳಿದರೆ ನೀನು ಕಣ್ಗಾವಲು ಅಂತ ಬೈಯುತ್ತೀಯ. ಹತ್ತು ದಿನದಿಂದ ಕಿಟಕಿ ಕತ್ತಲು. ಗಾಳಿಯಲ್ಲಿ ಮಂಜಿಲ್ಲ, ಬಂದರಿನ ದೀಪಗಳೆಲ್ಲ ಕಾಣುತ್ತವೆ. ನಮ್ಮದೊಂದೇ ಇಲ್ಲ.

ಟ್ವೋಮಿ, "ಸೀಮೆಎಣ್ಣೆ ಮುಗಿದಿರ್ಬೇಕು ಕಣಯ್ಯ" ಅಂತಾನೆ. "ಹೆಂಗಸು ಪುಸ್ತಕ ಮುಗಿಸಿರ್ಬೇಕು" ಅಂತಾನೆ. ನಿನ್ನೆ ಮಾತ್ರ ಏನೂ ಹೇಳದೆ ಚಹಾ ತಂದಿಟ್ಟ. ಅದರಿಂದ ಇನ್ನೂ ಹೆದರಿಕೆಯಾಯಿತು.

ಫಿಂಟನ್‌ಗೇನಾದರೂ ಆಗಿದ್ದರೆ ಮುಚ್ಚಿಡಬೇಡ. ಹರ್ಲಿಂಗ್ ಕೋಲಿನ ಏಟು ತಲೆಗೆ ಬಿದ್ದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ.

ಇಲಾಖೆಯಿಂದ ನನಗೊಂದು ಕಾಗದ ಬಂದಿತ್ತು. ಅದರಲ್ಲಿ ಅವಸರದ್ದೇನಿಲ್ಲ.

ಮೈಲ್ಸ್


ಕೌಂಟಿ ಆಸ್ಪತ್ರೆ, ಹೆಂಗಸರ ವಾರ್ಡು
28 ಸೆಪ್ಟೆಂಬರ್ 1962

ಪ್ರೀತಿಯ ಮೈಲ್ಸ್,

ವಿಳಾಸ ನೋಡಿ ಗಾಬರಿಯಾಗಬೇಡ. ನನ್ನ ಕಣಕಾಲಿನ ಮೂಳೆ ಮುರಿದಿದೆ, ಅಷ್ಟೆ. ನಿನ್ನ ಪತ್ರ ಬರುವ ಹಿಂದಿನ ದಿನದ ಕಥೆ. ಮಂಚ ಎಂದೂ ಇರದ ಜಾಗದಲ್ಲಿ ಈಗ ಮಂಚವಿದೆ ಅನ್ನುವುದನ್ನು ಮರೆತು, ಕೈಯಲ್ಲಿ ಬ್ರೆಡ್ಡಿನ ತಟ್ಟೆ ಹಿಡಿದು ಆ ಸಣ್ಣ ಕೋಣೆಗೆ ನುಗ್ಗಿ ಎಡವಿ ಬಿದ್ದೆ. ನೋಡಲು ಬಂದವರಲ್ಲಿ ಕಾನ್ ಲಾಲರನೂ ಒಬ್ಬ. ದ್ರಾಕ್ಷಿ ತಂದಿದ್ದ. "ಮಂಚ ನಮ್ಮ ಸೀಮೇಲೇ ಇದ್ದಿದ್ರೆ ಕಾಲು ಗಟ್ಟಿ ಇರ್ತಿತ್ತು ಮಿಸ್ ಕ್ಯಾಶಿನ್" ಅಂದ. ದ್ರಾಕ್ಷಿ ತಿಂದೆ.

ನಿನ್ನ ಪತ್ರ ಫಿಂಟನ್ ಇಲ್ಲಿಗೇ ತಂದುಕೊಟ್ಟ. ಓದಿದೆ. ಇನ್ನೊಮ್ಮೆ ಓದಿದೆ. ಮೈಲ್ಸ್, ನಾನು ಆ ಕೋಣೆಯಲ್ಲಿ ಒಂದು ರಾತ್ರಿಯೂ ಓದಿದವಳಲ್ಲ. ನನ್ನ ಕೋಣೆಯ ಕಿಟಕಿ ಸೇಬಿನ ಮರಗಳ ಕಡೆಗಿದೆ.

ಹುಡುಗ ಹಾಸಿಗೆಯ ಕಾಲಕಡೆ ಕುಳಿತು ಲಾಲರನ ದ್ರಾಕ್ಷಿ ತಿನ್ನುತ್ತಿದ್ದ.

"ಆ ಕೋಣೇಲಿ ರಾತ್ರಿ ದೀಪ ಯಾಕೋ ಹಚ್ಚಿಡ್ತಿದ್ದೆ?"

ಕಿವಿ ಕೆಂಪಾಯಿತು. "ಅಪ್ಪ ಆ ಕಡೆಯಿಂದ ಹಚ್ತಾರಲ್ಲ ಅತ್ತೆ. ಈ ಕಡೆಯಿಂದಲೂ ಒಂದಿರ್ಲಿ ಅಂತ."

"ಅಪ್ಪಂಗೆ ಗೊತ್ತಾ?"

"ಅಷ್ಟು ದೂರಕ್ಕೆ ಎಲ್ಲಿ ಕಾಣುತ್ತೆ? ಸುಮ್ನೆ ಇಡ್ತಿದ್ದೆ."

ಪತ್ರ ಅವನ ಕೈಗೆ ಕೊಟ್ಟೆ. ಓದುವಾಗ ಅವನ ಮುಖ ನೋಡಬಾರದು ಅನ್ನಿಸಿ ಪಕ್ಕದ ಮಂಚದ ಹೆಂಗಸಿನ ನಿಟ್ಟಿಂಗ್ ಕಡೆ ತಿರುಗಿದೆ. ನಾನು ಲಾಲರನ ಮಗಳ ಮೇಲೆ ಸಂಶಯಪಟ್ಟೆನಲ್ಲ! ಮೂವತ್ತೇಳು ವರ್ಷ ಮಕ್ಕಳಿಗೆ ಪಾಠ ಹೇಳಿದವಳು!

ಈಗ ಕಷ್ಟ ಬಂದಿದೆ. ಪತ್ರ ಮಡಿಸಿ ಅವನು ಎದ್ದು ನಿಂತ. "ಅಪ್ಪ ಹೆದರ್ಕೊಂಡಿದಾರೆ ಅತ್ತೆ. ಮಂಚ ವಾಪಸ್ ಹಾಕ್ತೀನಿ. ಬೀಗದಕೈ ಕೊಡಿ."

"ಹುಚ್ಚಾ! ಈಗ ಹಾಕಿದ್ರೆ ನೀನು ರಾಥ್‌ಮೋನದವನಾಗ್ತೀಯ!"

"ರಾಥ್‌ಮೋನಕ್ಕೆ ಆಡಲ್ಲ. ಯಾರಿಗೂ ಆಡಲ್ಲ, ಬಿಡಿ."

ಹೊರಗೆ ಡಿನ್ನಿ ಕೇಳಿಸಿಕೊಂಡು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ಕೌಂಟಿಯವರು ಈ ಒಂದು ಪಂದ್ಯ ನೋಡಿ ತೀರ್ಮಾನ ಮಾಡುತ್ತಾರೆ, ಮೈಲ್ಸ್. ಆಡದೆ ಕೂತುಬಿಟ್ಟರೆ ಮುಂದಿನ ವರ್ಷ ಯಾರ ಕಣ್ಣು ಯಾರ ಮೇಲಿರುತ್ತದೋ. ನಾನು ಬೀಗದಕೈ ಕೊಡಲಿಲ್ಲ, ದಿಂಬಿನ ಕೆಳಗಿದೆ. ಅಪ್ಪನ ಉತ್ತರ ಬರುವವರೆಗೆ ತಡಿ ಅಂತ ಒಪ್ಪಿಸಿದ್ದೇನೆ. ಬಂದರಿನ ಫೆನ್ಲನ್ ನನ್ನ ಹಳೆಯ ವಿದ್ಯಾರ್ಥಿ. ಅಲೆ ಎಷ್ಟೇ ಇದ್ದರೂ ಈ ಪತ್ರ ಮುಟ್ಟಿಸು, ಉತ್ತರವಿಲ್ಲದೆ ವಾಪಸ್ ಬಂದರೆ ನಿನಗೆ ನನ್ನ ಬೆತ್ತ ನೆನಪಿದೆಯಲ್ಲ ಅಂದಿದ್ದೇನೆ. ಏನು ಬರೆಯಬೇಕು ಅಂತ ನಿನಗೆ ನಾನು ಹೇಳುವುದಿಲ್ಲ. ಬೇಗ ಬರೆ.

ಒನೋರಾ


ಕರಿಗ್ ಬಂಡೆ ದೀಪಸ್ತಂಭ
1 ಅಕ್ಟೋಬರ್ 1962

ಪ್ರೀತಿಯ ಅಕ್ಕ,

ನಿನ್ನ ಎರಡೂ ಪತ್ರ ಒಟ್ಟಿಗೆ ಸಿಕ್ಕವು. ಫೆನ್ಲನ್ ಕೆಳಗೆ ದೋಣಿಯಲ್ಲಿ ಕಾಯುತ್ತಿದ್ದಾನೆ. "ಬೇಗ ಸಾರ್, ಟೀಚರ್ ಕೊಂದ್ಹಾಕ್ತಾರೆ!" ಅಂತ ಕೂಗುತ್ತಿದ್ದಾನೆ.

ಮಂಚ ಮುಟ್ಟಬೇಡಿ.

ಇಲಾಖೆಯ ಕಾಗದ ವರ್ಗಾವಣೆಯದು. ಪಂದ್ಯದ ಮುಂಚೆ ಹುಡುಗನ ಮನಸ್ಸು ಕೆಡಿಸಬಾರದು ಅಂತ ಹೇಳಿರಲಿಲ್ಲ. ಉತ್ತರದ ತುದಿಗೆ ಹಾಕಿದ್ದಾರೆ. ಶನಿವಾರ ಹೊಸಬ ಬರುತ್ತಾನೆ, ನಾನು ಇಳಿಯುತ್ತೇನೆ. ಅವತ್ತಿನಿಂದ ಈ ದೀಪ ಹಚ್ಚುವವನು ಇನ್ಯಾರೋ. ಅವನಿಗಾಗಿ ಫಿಂಟನ್ ಮಳೆ ಸೋರುವ ಕೋಣೆಯಲ್ಲಿ ಮಲಗಬೇಕಾಗಿಲ್ಲ.

ಭಾನುವಾರ ಸಂಜೆಯ ರೈಲಿನವರೆಗೆ ನಾನು ದಡದಲ್ಲಿರುತ್ತೇನೆ. ಅಲೆ ಬಿಟ್ಟರೆ.

ಅವನಿಗೆ ಹೇಳು: ಕಾಣುತ್ತಿತ್ತು. ಪ್ರತಿ ರಾತ್ರಿ ಕಾಣುತ್ತಿತ್ತು.

ಮೈಲ್ಸ್


ರೈಲಿನಲ್ಲಿ, ಉತ್ತರದ ದಾರಿ
7 ಅಕ್ಟೋಬರ್ 1962

ಪ್ರೀತಿಯ ಅಕ್ಕ,

ಗೆದ್ದೆವು! ಒಂದೇ ಒಂದು ಪಾಯಿಂಟ್‌ನಿಂದ ಗೆದ್ದೆವು! ಇಷ್ಟು ಹೊತ್ತಿಗೆ ವಾರ್ಡಿನ ನರ್ಸುಗಳೆಲ್ಲ ಹೇಳಿರುತ್ತಾರೆ, ಆದರೂ ನಾನು ಹೇಳಬೇಕು. ನನ್ನ ಗಂಟಲು ಪೂರ್ತಿ ಹೋಗಿದೆ. ಟಿಕೆಟ್ ಕೇಳಲು ಕೈಸನ್ನೆ ಮಾಡಿದೆ. ಕಿಟಕಿಯವನು ಪಾಪ ಮೂಗ ಅಂದುಕೊಂಡು ಜೋರಾಗಿ ಬಿಡಿಬಿಡಿಯಾಗಿ ಮಾತಾಡಿದ. ರೈಲು ಅಲುಗಾಡುತ್ತಿದೆ, ಅಕ್ಷರ ನೋಡಿ ನಗಬೇಡ.

ಶನಿವಾರ ಅಲೆ ಬಿಡಲಿಲ್ಲ. ಇವತ್ತು ಬೆಳಗ್ಗೆ ಹೊಸಬ ಹಗ್ಗ ಹಿಡಿದು ಮೇಲೆ ಹಾರಿದ, ನಾನು ಕೆಳಗೆ ಹಾರಿದೆ. ಟ್ವೋಮಿ ಮೇಲಿನಿಂದ, "ಗೋಲ್‌ಕೀಪರ್ ಕಣ್ಣು ಬಿಟ್ಕೊಂಡಿದ್ನಾ ಅಂತ ಬರೀ!" ಅಂತ ಕೂಗಿದ. ಬಂದರಿನಿಂದ ಹಾಲಿನ ಲಾರಿಯಲ್ಲಿ ಹೋದೆ. ಆಸ್ಪತ್ರೆಗೆ ಬರಲು ಹೊತ್ತಿರಲಿಲ್ಲ, ಕ್ಷಮಿಸು. ಮೈದಾನ ಮುಟ್ಟಿದಾಗ ಆಟ ಶುರುವಾಗಿತ್ತು. ಗದ್ದಲ ಕೇಳಿ ಕಂಡ ಗೇಟಿನಲ್ಲಿ ನುಗ್ಗಿದೆ. ಒಳಗೆ ಹೋಗಿ ನೋಡಿದರೆ ಸುತ್ತಲೂ ರಾಥ್‌ಮೋನದವರು! ಗೋಲಿನ ಹಿಂದೆ, ಅವರ ಬಾವುಟಗಳ ನಡುವೆ ಸಿಕ್ಕಿಹಾಕಿಕೊಂಡೆ.

ಮೊದಲರ್ಧ ನಮ್ಮ ಹುಡುಗನಿಗೆ ಏನೂ ಕೂಡಿಬರಲಿಲ್ಲ. ರಾಥ್‌ಮೋನದ ನಡು ಹಿಂದಾಳು ನೆರಳಿನಂತೆ ಅಂಟಿಕೊಂಡಿದ್ದ. ಚೆಂಡು ತಪ್ಪಿದಾಗಲೆಲ್ಲ ನನ್ನ ಸುತ್ತ ಕೇಕೆ.

"ಏ ಫಿಂಟಾ, ಮಂಚ ಎಲ್ಲಿಟ್ಟೆ ಮರೀ?"

"ನಿದ್ದೆ ಬಂದ್ರೆ ಹೇಳೋ, ಹಾಸಿಗೆ ಹಾಸ್ಕೊಡ್ತೀವಿ!"

"ಜೋಗುಳ ಹಾಡ್ರೋ!"

ಹಾಡಿಯೇಬಿಟ್ಟರು, ಅಕ್ಕ, ನೂರಾರು ಜನ! ನನ್ನ ಪಕ್ಕದಲ್ಲಿ ಹಲ್ಲಿಲ್ಲದ ಮುದುಕನೊಬ್ಬ ಎಲ್ಲರಿಗಿಂತ ಜೋರಾಗಿ. ಆಗ ಹಿಂದಿನಿಂದ ಒಂದು ಚೆಂಡು ಎತ್ತರಕ್ಕೆ ಬಂತು. ಎಲ್ಲರೂ ಹಿಡಿಯಲು ಕೈಯೆತ್ತಿದರು. ಫಿಂಟನ್ ಕೈಯೆತ್ತಲಿಲ್ಲ. ಬೀಳುತ್ತಿರುವ ಚೆಂಡಿಗೆ, ಎಲ್ಲರ ಕೈಗಳ ಮೇಲೆ, ಕೋಲು ಬೀಸಿದ. ಟಪ್! ಎಡಗಡೆಯಿಂದ! ಬಲೆ ನನ್ನ ಮುಖದ ಮುಂದೆಯೇ ಉಬ್ಬಿತು. ಗೋಲ್‌ಕೀಪರ್ ಕಣ್ಣು ಬಿಟ್ಟುಕೊಂಡೇ ಇದ್ದ, ಟ್ವೋಮಿಗೆ ಬರೆಯುತ್ತೇನೆ. ಜೋಗುಳ ನಿಂತಿತು. ಆ ಮೌನದಲ್ಲಿ ಒಬ್ಬನೇ ಒಬ್ಬ ಮನುಷ್ಯ ಕೂಗುತ್ತಿದ್ದ. ಯಾರು ಅಂತ ನೋಡಿದೆ. ನಾನೇ.

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾರಯ್ಯ ನೀನು? ಯಾರ ಕಡೆಯೋನು?"

"ಆ ಹುಡುಗನ ಅಪ್ಪ."

"ಅಯ್ಯೋ ದೇವ್ರೇ, ಮಂಚದ ಮನೆಯೋನು! ಬಾರಪ್ಪ ಮುಂದಕ್ಕೆ, ಇಲ್ಲಿ ಕಂಬದ ಹತ್ರ ಚೆನ್ನಾಗಿ ಕಾಣುತ್ತೆ. ಏ, ಜಾಗ ಬಿಡ್ರೋ! ಸೋತ್ರೂ ಸರಿ, ನೋಡೋಕೆ ಬಂದೋನಿಗೆ ಕಾಣ್ಬೇಕು."

ಜಾಗ ಬಿಟ್ಟರು. ನೀನು ಬರೆಯುವ ಚರಿತ್ರೆಯಲ್ಲಿ ಇದಕ್ಕೂ ಒಂದು ಪುಟ ಇರಲಿ.

ಎರಡನೆಯರ್ಧ ಹೇಗೆ ಹೇಳಲಿ? ಅವರು ಒಂದು, ನಾವು ಒಂದು. ಕೊನೆಯ ಗಳಿಗೆ ನಾವು ಒಂದು ಪಾಯಿಂಟ್ ಮುಂದೆ. ಆಗ ಅವರ ಮುಂದಾಳು ಒಬ್ಬನೇ ಚೆಂಡನ್ನು ಕೋಲಿನ ಮೇಲೆ ಕುಣಿಸುತ್ತ ಓಡಿದ. ಮುಂದೆ ನಮ್ಮ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ಒಂದು ಗೋಲಾದರೆ ಅವರಿಗೆ ಮೂರು ಪಾಯಿಂಟ್, ಎಲ್ಲ ಮುಗಿಯಿತು. ಅವನು ಚೆಂಡು ಎತ್ತಿದ, ಕೋಲು ಹಿಂದಕ್ಕೆ ತೆಗೆದ. ಮುದುಕ ನನ್ನ ತೋಳನ್ನು ಉಗುರು ಊರುವಂತೆ ಹಿಡಿದ. ಕೋಲು ಮುಂದಕ್ಕೆ ಬರಲೇ ಇಲ್ಲ! ಹಿಂದಿನಿಂದ ಇನ್ನೊಂದು ಕೋಲು ಚಾಚಿ ಅದಕ್ಕೆ ಕೊಕ್ಕೆ ಹಾಕಿತ್ತು. ಫಿಂಟನ್! ಮುಂದಾಳು, ಮೈದಾನದ ಆ ತುದಿಯಲ್ಲಿರಬೇಕಾದವನು, ಉದ್ದಕ್ಕೂ ಓಡಿಬಂದು ನೆಲಕ್ಕೆ ಬೀಳುತ್ತ, ಒಂಟಿಕೈಯಲ್ಲಿ ಕೋಲು ಚಾಚಿದ್ದ. ಚೆಂಡು ಹುಲ್ಲಿನಲ್ಲಿ ಸುಮ್ಮನೆ ಉರುಳಿತು. ರೆಫರಿ ಸೀಟಿ ಊದಿದ.

ಗೋಲಿನ ಬಗ್ಗೆ ಪತ್ರಿಕೆಯವರು ಬರೆಯುತ್ತಾರೆ. ಈ ಕೊಕ್ಕೆಯ ಬಗ್ಗೆ ಬರೆಯುತ್ತಾರೋ ಇಲ್ಲವೋ. ನಾನು ಕಂಡೆ.

ಮುಖವೆಲ್ಲ ಮಣ್ಣು ಮಾಡಿಕೊಂಡು ಜನರ ಹೆಗಲ ಮೇಲಿದ್ದವನು ನನ್ನನ್ನು ಕಂಡ. ರಾಥ್‌ಮೋನದವರ ಕಡೆಯಲ್ಲಿ! ಹಾರಿ ಇಳಿದು ಬಂದ. "ಗೆಣ್ಣು ಹೇಗಿದೆ?" ಅಂತ ಕೇಳಿದೆ. ಅದು ಮೇ ತಿಂಗಳ ಗೆಣ್ಣು! ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಸ್ಟೇಷನ್‌ವರೆಗೂ ಅದೇ ಬೂಟಿನಲ್ಲಿ ನಡೆದು ಬಂದ, ದಾರಿಯುದ್ದಕ್ಕೂ ಬೆನ್ನು ತಟ್ಟುವವರು.

"ಹೊಸ ದೀಪ ನಮ್ಮನೆಯಿಂದ ಕಾಣಲ್ಲ ಅಲ್ವಾ ಅಪ್ಪ?"

"ಕಾಣಲ್ಲ. ದೇಶದ ಆ ತುದಿ. ಆದ್ರೆ ಅದು ಬಂಡೆ ಅಲ್ಲ ಕಣೋ, ದಡದ ಮೇಲೆ. ಬಾಗಿಲು ತೆಗೆದ್ರೆ ರಸ್ತೆ" ಅಂತ ಪಿಸುಗುಟ್ಟಿದೆ.

ಅವನು ನಿಂತುಬಿಟ್ಟ. "ದೋಣಿ ಬೇಡ್ವಾ?"

"ಬೇಡ. ಬಸ್ಸು ಸಾಕು."

ಅಷ್ಟರಲ್ಲಿ ಡಿನ್ನಿ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಬೊಬ್ಬೆ ಹೊಡೆಯುತ್ತ ಓಡಿಬಂದ. ಉದ್ದ ಕೋಟಿನ ಇಬ್ಬರೂ ಅವನ ಹಿಂದೆಯೇ, ಏದುಸಿರು ಬಿಡುತ್ತ. ಮುಂದಿನ ತಿಂಗಳ ಮೊದಲ ಭಾನುವಾರ ಕೌಂಟಿ ತಂಡದ ಪಂದ್ಯ. ಫಿಂಟನ್‌ಗೆ ಅಂಗಿ ಸಿಕ್ಕಿದೆ, ಅಕ್ಕ! ಪರೀಕ್ಷೆಗೆ ಕರೆದದ್ದಲ್ಲ, ನೇರ ಆಡುವ ಹದಿನೈದು ಜನರಲ್ಲಿ! ರೈಲು ಹೊರಟಿತು. ಅವನು ಪಕ್ಕದಲ್ಲೇ ಓಡುತ್ತ, "ಬರ್ತೀರಾ ಅಪ್ಪ? ಬರ್ತೀರಾ?" ಅಂತ ಕೂಗಿದ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹೌದು ಹೌದು ಅಂತ ತಲೆ ಆಡಿಸಿದೆ, ಆಡಿಸಿದೆ, ಗಾರ್ಡು ಬಂದು ಕೋಟು ಹಿಡಿದು ಒಳಗೆ ಎಳೆಯುವವರೆಗೆ.

ಆ ಭಾನುವಾರ ನನಗೆ ರಜೆ ಇದೆ. ಮೂರು ಸಲ ನೋಡಿಕೊಂಡೆ. ನಿನ್ನ ಕಾಲು ಬೇಗ ವಾಸಿ ಮಾಡಿಕೋ, ಜೊತೆಯಲ್ಲಿ ಹೋಗೋಣ. ಈ ಸಲ ಗೇಟು ಯಾವುದು ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ನಿನ್ನ ತಮ್ಮ,
ಮೈಲ್ಸ್